ಮನೆಯ ಸಮಾರಂಭಕ್ಕೆ ಯಾವ ತಟ್ಟೆ? ನಾಲ್ಕನ್ನೂ ಬಳಸಿ ನೋಡಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಸ್ಟೀಲ್ ತಟ್ಟೆಗೆ. ಅದೂ ಕೊಂಡು ತಂದದ್ದಲ್ಲ. ನಮ್ಮ ಬಡಾವಣೆಯ ಹೆಂಗಸರು ಸೇರಿ ಗಣಪತಿ ದೇವಸ್ಥಾನದ ಉಗ್ರಾಣದಲ್ಲಿ ಜೋಡಿಸಿಟ್ಟಿರುವ ಪಾತ್ರೆ ಬ್ಯಾಂಕಿನಿಂದ ಎರವಲು ತಂದದ್ದು. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಊಟಗಳಾದವು. ಗೃಹಪ್ರವೇಶಕ್ಕೆ ಕಾಗದದ ತಟ್ಟೆ, ಅಪ್ಪನ ಎಪ್ಪತ್ತರ ಶಾಂತಿಗೆ ಅಡಿಕೆ ಹಾಳೆಯ ತಟ್ಟೆ, ಗೌರಿ ಹಬ್ಬಕ್ಕೆ ಬಾಳೆ ಎಲೆ, ಕೊನೆಗೆ ತಂಗಿಯ ಮಗುವಿನ ನಾಮಕರಣಕ್ಕೆ ಸ್ಟೀಲ್. ಯೋಜನೆ ಹಾಕಿಕೊಂಡು ಮಾಡಿದ ಪ್ರಯೋಗವಲ್ಲ ಇದು. ಮೊದಲನೆಯದರಲ್ಲಿ ಮರ್ಯಾದೆ ಹೋಗಿದ್ದಕ್ಕೆ ಉಳಿದ ಮೂರು ಬಂದವು.

ಕಾಗದದ ತಟ್ಟೆಯ ಕಟ್ಟಿನ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ಪರಿಸರಸ್ನೇಹಿ’ ಎಂಬ ಪದ. ನೂರೈವತ್ತು ತಟ್ಟೆಗೆ 450 ರೂಪಾಯಿ. ಇಷ್ಟು ಅಗ್ಗಕ್ಕೆ ಪುಣ್ಯವೂ ಸಿಗುತ್ತದೆಂದು ನಂಬಿದ್ದು ನನ್ನದೇ ತಪ್ಪು. ಊಟವೇನೋ ಚೆನ್ನಾಗಿಯೇ ಆಯಿತು, ಸಾರು ಬಿದ್ದ ಕಡೆ ಸ್ವಲ್ಪ ಬಾಗಿದ್ದು ಬಿಟ್ಟರೆ. ಮರುದಿನ ಬೆಳಿಗ್ಗೆ ಆಟೋ ಟಿಪ್ಪರ್ ಬಂದಾಗ ನಾಲ್ಕು ಚೀಲ ಎಂಜಲು ತಟ್ಟೆಗಳನ್ನು ಹಸಿ ಕಸವೆಂದು ಮುಂದಿಟ್ಟೆ. ಪೌರಕಾರ್ಮಿಕ ಮಹಿಳೆ ಒಂದು ತಟ್ಟೆ ತೆಗೆದು ನನ್ನ ಕೈಗೇ ಕೊಟ್ಟು, “ಹರಿದು ನೋಡಿ ಸಾರ್” ಎಂದರು. ಹರಿದೆ. ಕಾಗದ ಹರಿಯಿತು, ಅದರ ಮೇಲಿನ ತೆಳು ಪೊರೆ ಹರಿಯದೆ ರಬ್ಬರಿನಂತೆ ಎಳೆದುಕೊಂಡು ಬಂತು. ಪ್ಲಾಸ್ಟಿಕ್!

ಈಗ ಅದು ಹಸಿ ಕಸವಲ್ಲ, ಪ್ಲಾಸ್ಟಿಕ್ ಇದೆ. ಒಣ ಕಸವೂ ಅಲ್ಲ, ಹುಳಿ ಪಾಯಸ ಮೆತ್ತಿಕೊಂಡಿದೆ. ಒಣ ಕಸ ಸಂಗ್ರಹ ಕೇಂದ್ರಕ್ಕೆ ಸ್ಕೂಟರಿನಲ್ಲಿ ಒಂದು ಚೀಲ ಒಯ್ದೆ. ತೊಳೆದು ಒಣಗಿಸಿ ತನ್ನಿ ಎಂದರು. ಒಮ್ಮೆ ಉಂಡು ಬಿಸಾಡಲೆಂದೇ ತಂದ ತಟ್ಟೆಯನ್ನು ತೊಳೆದು ಒಣಗಿಸುವುದೇ! ಮೂರು ದಿನ ಆ ಚೀಲಗಳು ಹೊಸ ಮನೆಯ ಗೇಟಿನ ಬಳಿಯೇ ಕುಳಿತವು. ಬೀದಿನಾಯಿಗಳು ಒಂದನ್ನು ಹರಿದು ರಸ್ತೆಯ ಉದ್ದಕ್ಕೂ ಹರಡಿದವು. ಅತ್ತಿಗೆಯ ತವರು ಬೆಂಗಳೂರಿನ ಹೊರವಲಯದ ಮಂಡೂರಿನ ಕಡೆ. ಅವರು ಚೀಲಗಳನ್ನು ನೋಡಿ, “ಇಂಥದ್ದೇ ಎಲ್ಲ ಲಾರಿ ತುಂಬಿ ನಮ್ಮೂರಿಗೆ ಬರುತ್ತಿತ್ತು” ಎಂದು ಒಳಗೆ ಹೋದರು. 2014ರಲ್ಲಿ ಊರಿನವರು ರಸ್ತೆಗಿಳಿದ ಮೇಲೆ ಅಲ್ಲಿಗೆ ಬೆಂಗಳೂರಿನ ಕಸ ಸುರಿಯುವುದು ನಿಂತಿತು. ಅದಕ್ಕೆ ಮೊದಲು ಅವರ ಮನೆಗೆ ನೆಂಟರು ಊಟಕ್ಕೆ ಬರಲು ಹಿಂಜರಿಯುತ್ತಿದ್ದರಂತೆ. ಅತ್ತಿಗೆಯಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ನನ್ನನ್ನು ಕುಗ್ಗಿಸಿರಲಿಲ್ಲ.

ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ, ದೇಶಕ್ಕೆಲ್ಲ 2022ರ ಜುಲೈ 1ರಿಂದ ನಿಷೇಧ ಬಂತು. ಆ ಜಾಗಕ್ಕೆ ಕಾಗದದ ವೇಷ ಹಾಕಿಕೊಂಡು ಬಂದದ್ದು ಇದು. ಕಾಗದದ ಲೋಟದ ಒಳಗೂ ಇದೇ ಪೊರೆ. ಅದರಲ್ಲಿ ಬಿಸಿ ದ್ರವ ಹದಿನೈದು ನಿಮಿಷ ನಿಂತರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಬಿಡುತ್ತವೆಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಕಂಡುಕೊಂಡರು. ನಾವು ಅದರಲ್ಲಿ ನೂರ ನಲವತ್ತು ಜನಕ್ಕೆ ಕಾಫಿ ಕೊಟ್ಟಿದ್ದೆವು.

ಹಾಳೆ ತಟ್ಟೆಯ ಬಗ್ಗೆ ದೂರು ಕಡಿಮೆ. ಮರದಿಂದ ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗಿಯಿತು, ಅಂಟೂ ಬೇಡ ಬಣ್ಣವೂ ಬೇಡ. ತೀರ್ಥಹಳ್ಳಿಯ ಕಡೆಯಿಂದ ಬರುವ ಪರಿಚಯದವರು ತಟ್ಟೆಗೆ 8 ರೂಪಾಯಿಯಂತೆ 130 ತಂದುಕೊಟ್ಟರು. ಕುದಿಯುವ ಸಾರಿಗೂ ಜಗ್ಗಲಿಲ್ಲ. ತಂದದ್ದು ಜುಲೈನಲ್ಲಿ, ಹತ್ತು ದಿನ ಅಟ್ಟದಲ್ಲಿಟ್ಟಿದ್ದಕ್ಕೆ ಇಪ್ಪತ್ತು ತಟ್ಟೆಗಳಿಗೆ ಬೂಷ್ಟು ಹಿಡಿದಿತ್ತು. ಇನ್ನೊಂದು, ಇವು ಗೊಬ್ಬರವಾಗುತ್ತವೆ ಎನ್ನುವುದು ನಿಜ, ಆದರೆ ಇಡಿಯಾಗಿ ಹಾಕಿದರೆ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ತಟ್ಟೆಯಾಗಿಯೇ ಇರುತ್ತವೆ. ನೂರು ತಟ್ಟೆಗಳನ್ನು ನಾನು ಮೊಣಕಾಲಿಗೆ ಒತ್ತಿ ಮುರಿದೆ. ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಇವನ್ನು ತಡೆದದ್ದನ್ನು ಓದಿದ್ದೇನೆ. ವರ್ಷಕ್ಕೊಂದು ಊಟಕ್ಕೆ ನಾನು ಹೆದರುವವನಲ್ಲ. ಊಟದ ಕೊನೆಗೆ ಎಲೆ ಅಡಿಕೆ ಹಾಕಿಕೊಳ್ಳುವ ಅಪ್ಪನಂತೂ ನಕ್ಕುಬಿಟ್ಟರು.

ಬಾಳೆ ಎಲೆಗೆ ಸಾಟಿ ಇಲ್ಲ, ಪಂಕ್ತಿಯಲ್ಲಿ ಕೂರಿಸಿ ಬಡಿಸುವುದಾದರೆ. ಮೂವತ್ತು ಜನಕ್ಕೆ ಸರಿ. ಹಬ್ಬದ ಹಿಂದಿನ ದಿನ ಎಲೆಗೆ ಹೇಳಿದಷ್ಟು ದುಡ್ಡು ಕೊಡಬೇಕು. ತಟ್ಟೆ ಹಿಡಿದು ನಿಂತು ಉಣ್ಣುವ ಬಫೆಗೆ ಇದು ಆಗದು.

ಈಗ ಸ್ಟೀಲ್. ಬೆಂಗಳೂರಿಗೆ ಪಾತ್ರೆ ಬ್ಯಾಂಕು ಹೊಸದಲ್ಲ; ಅದಮ್ಯ ಚೇತನ ಎಂಬ ಸ್ವಯಂಸೇವಾ ಸಂಸ್ಥೆಯವರ ಪ್ಲೇಟ್ ಬ್ಯಾಂಕಿನ ಹೆಸರು ಅನೇಕರು ಕೇಳಿರಬಹುದು. ನಮ್ಮದು ತೀರಾ ಚಿಕ್ಕದು. ಮನೆಮನೆಯ ಅಟ್ಟದಲ್ಲಿ ಮದುವೆಯ ಉಡುಗೊರೆಯಾಗಿ ಬಂದು ಕಾಗದವೂ ಬಿಚ್ಚದೆ ಕುಳಿತಿದ್ದ ತಟ್ಟೆಗಳನ್ನು ಕೇಳಿ ತಂದು ಶುರು ಮಾಡಿದ್ದು. ಹಾಗಾಗಿ ಒಂದರ ಅಳತೆ ಇನ್ನೊಂದಕ್ಕಿಲ್ಲ, ಒಂದರೊಳಗೊಂದು ಕೂರುವುದಿಲ್ಲ. ಪ್ರತಿಯೊಂದರ ಅಂಚಿನಲ್ಲೂ ಯಾರದೋ ಮದುವೆಯ ತಾರೀಕು, ‘ಪ್ರೀತಿಪೂರ್ವಕ’ ಎಂಬ ಕೆತ್ತನೆ. ನಮ್ಮ ಮಾವನವರು ಊಟ ಬಿಟ್ಟು ತಟ್ಟೆ ಓದುತ್ತಾ ಕುಳಿತಿದ್ದರು. ಬಾಡಿಗೆ ಇಲ್ಲ. 2,000 ರೂಪಾಯಿ ಠೇವಣಿ, ಕಳೆದದ್ದಕ್ಕೆ ದಂಡ, ತೊಳೆದೇ ಹಿಂತಿರುಗಿಸಬೇಕು.

ತೊಳೆಯುವುದು ಎಂದೊಡನೆ ಎಲ್ಲರೂ ಕೇಳುವುದು ನೀರಿನ ಮಾತು. 2024ರ ಬೇಸಿಗೆಯ ನೀರಿನ ಬರವನ್ನು ಕಂಡ ಊರಿನಲ್ಲಿ ಕೇಳಲೇಬೇಕಾದ ಮಾತೇ. ಎಂಜಲನ್ನು ಬಕೆಟ್ಟಿಗೆ ಬಳಿದುಹಾಕಿ, ಐವತ್ತು ಲೀಟರಿನ ಮೂರು ಟಬ್ ಇಟ್ಟು, ಮೂರು ಸಲ ನೀರು ತುಂಬಿದೆವು. 450 ಲೀಟರ್, 120 ಜನಕ್ಕೆ. ತಲೆಗೆ ನಾಲ್ಕು ಲೀಟರಿಗಿಂತ ಕಡಿಮೆ. ಸೀಗೆಪುಡಿಯನ್ನೇ ಬಳಸಿದ್ದರಿಂದ ಕೊನೆಯ ಟಬ್ಬಿನ ನೀರು ತೆಂಗಿನ ಮರಕ್ಕೆ ಹೋಯಿತು. ಟ್ಯಾಂಕರ್ ನೀರನ್ನೇ ನಂಬಿದ ಮನೆಯಾದರೆ ನಾನು ಹಾಳೆ ತಟ್ಟೆಯನ್ನೇ ಹೇಳುತ್ತೇನೆ.

ನನ್ನ ಪ್ರಾಣ ಹಿಂಡಿದ್ದು ನೀರಲ್ಲ, ಎಣಿಕೆ. ತರುವಾಗ ಎಣಿಸಬೇಕು, ಊಟಕ್ಕೆ ಮೊದಲು, ತೊಳೆದ ಮೇಲೆ, ಕೊಡುವಾಗ. 120 ತಟ್ಟೆ, 130 ಲೋಟ, 120 ಚಮಚ. ಬ್ಯಾಂಕಿನ ಲೋಟಗಳ ಬುಡದಲ್ಲಿ ಕೆಂಪು ಉಗುರುಬಣ್ಣದ ಚುಕ್ಕಿ ಇರುತ್ತದೆ. ಅಡುಗೆಯವರ ಲೋಟಗಳಿಗೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಲೋಟ ಮಗುಚುತ್ತಾ ಕುಳಿತೆ. ಚುಕ್ಕಿಯಿಲ್ಲದ ಎರಡು ಹೆಚ್ಚಿಗೆ ಬಂದಿದ್ದವು, ಚುಕ್ಕಿಯಿರುವ ಮೂರು ಅಡುಗೆಯವರ ವ್ಯಾನಿನಲ್ಲಿ ಊರು ಸೇರಿದ್ದವು. ಮಾರನೆಯ ದಿನ ನಾಲ್ಕು ಫೋನ್ ಮಾಡಿ ಅದಲುಬದಲು ಮಾಡಿಕೊಂಡದ್ದಾಯಿತು.

ಚಮಚ ಇನ್ನೂ ಕಷ್ಟ. ಏಳು ಕಡಿಮೆ. ನಾಲ್ಕು ಮಕ್ಕಳ ಬಳಿ ಸಿಕ್ಕಿದವು, ಪಕ್ಕದ ಸೈಟಿನ ಮರಳಿನಲ್ಲಿ ಬಾವಿ ತೋಡುತ್ತಿದ್ದರು. ಎರಡು ಎಂಜಲಿನ ಬಕೆಟ್ಟಿನ ತಳದಲ್ಲಿ. ಏಳನೆಯದು ಸಿಗಲೇ ಇಲ್ಲ. ಬ್ಯಾಂಕಿನ ಅಮ್ಮನವರು ಕನ್ನಡಕ ಸರಿಮಾಡಿಕೊಂಡು ಪುಸ್ತಕದಲ್ಲಿ ‘ಚಮಚ 1, ರೂ. 15’ ಎಂದು ಬರೆದು ರುಜು ಹಾಕಿಸಿಕೊಂಡರು. ಅವರು ನಿವೃತ್ತ ಶಾಲಾ ಶಿಕ್ಷಕಿ. ಅಷ್ಟು ಬಿಗಿಯಾಗಿ ಇಲ್ಲದಿದ್ದರೆ ಇಂಥ ಬ್ಯಾಂಕು ಆರು ತಿಂಗಳೂ ಉಳಿಯುವುದಿಲ್ಲ.

ಖರ್ಚು? ಮುಸುರೆ ತಿಕ್ಕಲು ಇಬ್ಬರಿಗೆ ತಲಾ 700, ಆಟೋಗೆ 400, ಸೀಗೆಪುಡಿ 60, ಆ ಚಮಚ: ಒಟ್ಟು 1,875 ರೂಪಾಯಿ. ಹಾಳೆ ತಟ್ಟೆಗಿಂತ ಹೆಚ್ಚು, ಕಾಗದಕ್ಕಿಂತ ನಾಲ್ಕು ಪಟ್ಟು. ಆದರೆ ಅದರಲ್ಲಿ ಮುಕ್ಕಾಲು ದುಡ್ಡು ದುಡಿದವರ ಕೈಗೆ ಹೋಯಿತು, ಮರುದಿನ ಟಿಪ್ಪರ್‌ಗೆ ಕೊಡಲು ಗೇಟಿನ ಬಳಿ ಒಂದೇ ಒಂದು ಅರ್ಧ ಬಕೆಟ್ ಕಸವಿತ್ತು. ಎಂಜಲು ಪಾರ್ಕಿನ ಗೊಬ್ಬರದ ತೊಟ್ಟಿಗೆ ಹೋಗಿತ್ತು. ಅಂದಹಾಗೆ, ಪರವಾನಗಿ ಇಲ್ಲದ ಸ್ಥಳದಲ್ಲಿ ನೂರು ಮಂದಿಗಿಂತ ಹೆಚ್ಚು ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸುವ ಹೊಣೆ ಹೊರಬೇಕೆಂದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಗೃಹಪ್ರವೇಶದ ದಿನ ನನಗೆ ಅದು ಗೊತ್ತಿರಲಿಲ್ಲ.

ನನ್ನದು ಎಣಿಸುವ ಸ್ವಭಾವ, ಮನೆಗೆ ಕಾವೇರಿ ನೀರು ಬರುತ್ತದೆ, ದೇವಸ್ಥಾನ ಎರಡು ಬೀದಿ ಆಚೆ. ಇವು ಮೂರರಲ್ಲಿ ಒಂದು ತಪ್ಪಿದರೂ ಹಾಳೆ ತಟ್ಟೆ ಕೊಳ್ಳಿ, ಮಳೆಗಾಲದಲ್ಲಿ ಹಿಂದಿನ ದಿನವೇ ತನ್ನಿ. ಮೂವತ್ತು ಜನದೊಳಗೆ ಬಾಳೆ ಎಲೆ. ಕಾಗದದ್ದನ್ನು ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದನ್ನು ಹರಿದು ನೋಡಿ.

ಮೂರು ತಿಂಗಳ ಮೇಲೆ ಪಾರ್ಕಿನಲ್ಲಿ ಗೊಬ್ಬರ ಜರಡಿ ಹಿಡಿಯುವಾಗ ಏಳನೆಯ ಚಮಚ ಸಿಕ್ಕಿತು. ತೊಳೆದು ಒಯ್ದೆ. ಅಮ್ಮನವರು ಪುಸ್ತಕ ತೆರೆದು ನೋಡಿ, ಲೆಕ್ಕ ಮುಗಿದಿದೆ, ಅದು ಈಗ ನಿಮ್ಮದು ಎಂದರು. ನಮ್ಮ ಕಾಫಿಪುಡಿಯ ಡಬ್ಬಿಯಲ್ಲಿದೆ.