150 ದೇಶಗಳ ಅಡಾಪ್ಟರ್: ಮೂರು ವಾರಗಳ ಬಳಕೆಯ ನಂತರ

ಕಳೆದ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಲಂಡನ್, ಮ್ಯೂನಿಕ್ ಮತ್ತು ಜ್ಯೂರಿಕ್ ನಗರಗಳಿಗೆ ಪ್ರವಾಸ ಹೊರಡುವ ಮುನ್ನ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 1,350 ರೂಪಾಯಿ ಕೊಟ್ಟು ಒಂದು ಯೂನಿವರ್ಸಲ್ ಟ್ರಾವೆಲ್ ಅಡಾಪ್ಟರ್ ಕೊಂಡೆವು. ಬದಿಯ ಗುಂಡಿಗಳನ್ನು ಜಾರಿಸಿದರೆ ಬೇರೆ ಬೇರೆ ದೇಶಗಳ ಪಿನ್ನುಗಳು ಹೊರಬರುವ, ಅಂಗೈಯಲ್ಲಿ ಹಿಡಿಸುವ ಚೌಕಾಕಾರದ ಸಾಧನ ಅದು. ಮೂರು ಯುಎಸ್‌ಬಿ ಪೋರ್ಟುಗಳಿವೆ. 150 ದೇಶಗಳಲ್ಲಿ ನಡೆಯುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಮೊಬೈಲ್ ಮಾತ್ರ ಒಯ್ಯುವವರು ಇದನ್ನು ಕೊಳ್ಳಬಹುದು. ಲ್ಯಾಪ್‌ಟಾಪ್ ಒಯ್ಯುವವರಿಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡಲಾರೆ.

ಲಂಡನ್ನಿನಲ್ಲಿ ಮೊದಲ ಎರಡು ದಿನ ಯಾವ ತೊಂದರೆಯೂ ಕಾಣಲಿಲ್ಲ. ಅಲ್ಲಿನ ಸಾಕೆಟ್ಟುಗಳಿಗೆ ನಮ್ಮಲ್ಲಿರುವಂತೆಯೇ ಸ್ವಿಚ್ ಇರುತ್ತದೆ, ಮೂರು ಚಪ್ಪಟೆ ಪಿನ್ನುಗಳು ಗಟ್ಟಿಯಾಗಿ ಕೂರುತ್ತವೆ, ಅಡಾಪ್ಟರಿನೊಳಗೆ 8 ಆಂಪಿಯರ್ ಫ್ಯೂಸ್ ಕೂಡ ಇದೆ. ಮೂರನೆಯ ರಾತ್ರಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿಕೊಂಡು ಪತ್ರ ಬರೆಯಲು ಕುಳಿತಾಗ, ಅದರ ಲೋಹದ ಮೈಗೆ ತಾಗಿದ್ದ ಮಣಿಕಟ್ಟು ಸಣ್ಣಗೆ ಜುಮ್ಮೆನ್ನತೊಡಗಿತು. ಮನೆಯಲ್ಲಿ ನಾಲ್ಕು ವರ್ಷ ಬಳಸಿದ್ದರೂ ಒಮ್ಮೆಯೂ ಹಾಗಾಗಿರಲಿಲ್ಲ. ಅಡಾಪ್ಟರನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಬ್ರಿಟಿಷ್ ಪ್ಲಗ್ಗಿನ ಉದ್ದನೆಯ ಅರ್ಥ್ ಪಿನ್ ಇರಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ತುಂಡಿತ್ತು. ಸಾಕೆಟ್ಟಿನ ಒಳಗಿರುವ ಮುಚ್ಚಳವನ್ನು ಸರಿಸುವುದಷ್ಟೇ ಅದರ ಕೆಲಸ. ನಮ್ಮ ಮೂರು ಪಿನ್ನಿನ ಪ್ಲಗ್ ಹಾಕುವ ಕಡೆಯೂ ಹಾಗೆಯೇ: ದಪ್ಪ ಪಿನ್ನಿಗೆ ರಂಧ್ರವಿದೆ, ಅದರ ಹಿಂದೆ ಲೋಹವಿಲ್ಲ.

ಲ್ಯಾಪ್‌ಟಾಪಿನ ಚಾರ್ಜರಿನೊಳಗಿರುವ ಫಿಲ್ಟರ್ ಕೆಪಾಸಿಟರುಗಳ ಮೂಲಕ ಅತ್ಯಲ್ಪ ವಿದ್ಯುತ್ತು ಸದಾ ಸೋರುತ್ತಿರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೈಯ ಮೂಲಕ ದಾರಿ ಹುಡುಕುತ್ತದೆ. ಚಾರ್ಜರ್ ಸುಸ್ಥಿತಿಯಲ್ಲಿರುವವರೆಗೆ ಅದು ಜುಮ್ಮೆನ್ನುವುದಕ್ಕಿಂತ ಹೆಚ್ಚಿನದೇನನ್ನೂ ಮಾಡದು. ಆದರೆ ಒಳಗೆ ಏನಾದರೂ ಕೆಟ್ಟ ದಿನ ನಮ್ಮನ್ನು ಕಾಯಬೇಕಾದದ್ದೂ ಅದೇ ಅರ್ಥ್ ತಂತಿ. ಆ ತಂತಿಯನ್ನು ಕಡಿದುಹಾಕಿ, ಅದರ ಬಗ್ಗೆ ಡಬ್ಬಿಯ ಮೇಲೆ ಒಂದು ಮಾತನ್ನೂ ಬರೆಯದೆ ಮಾರಿದ್ದನ್ನು ನಾನು ಸಣ್ಣ ತಪ್ಪೆಂದು ಎಣಿಸುವುದಿಲ್ಲ.

ಮ್ಯೂನಿಕ್‌ನಲ್ಲಿ ಇನ್ನೊಂದು ಕೊರತೆ ಗೊತ್ತಾಯಿತು. ಜರ್ಮನಿಯ ಸಾಕೆಟ್ ಗೋಡೆಯೊಳಗೆ ಬಟ್ಟಲಿನಂತೆ ದುಂಡಗೆ ತಗ್ಗಾಗಿರುತ್ತದೆ. ಈ ಚೌಕದ ಮೂಲೆಗಳು ಬಟ್ಟಲಿನ ಅಂಚಿಗೆ ತಗಲಿ ನಿಂತುಬಿಡುವುದರಿಂದ ಪಿನ್ನುಗಳು ಅರ್ಧದಷ್ಟೇ ಒಳಗೆ ಹೋಗುತ್ತವೆ. ರಾತ್ರಿ ಅದರ ಯುಎಸ್‌ಬಿ ಪೋರ್ಟುಗಳಿಗೆ ಎರಡು ಮೊಬೈಲ್ ಸಿಕ್ಕಿಸಿ ಮಲಗಿದೆವು. ಬೆಳಗ್ಗೆ ಎದ್ದಾಗ ಅಡಾಪ್ಟರ್ ತನ್ನ ಭಾರಕ್ಕೆ ತಾನೇ ಬಾಗಿತ್ತು, ಒಂದು ಪಿನ್ನಿನ ಬುಡ ಬಿಸಿಯಾಗಿತ್ತು, ನನ್ನ ಮೊಬೈಲಿನಲ್ಲಿ ಶೇ. 31ರಷ್ಟೇ ಚಾರ್ಜ್ ಇತ್ತು. ಪಿನ್ ಸಡಿಲವಾಗಿ ಕುಳಿತಾಗ ಸಂಪರ್ಕದ ಜಾಗದಲ್ಲಿ ರೋಧ ಹೆಚ್ಚಿ ಶಾಖ ಹುಟ್ಟುತ್ತದೆ. ಹಾಸಿಗೆಯ ತಲೆದೆಸೆಯಲ್ಲಿ, ಪರದೆಯ ಪಕ್ಕದಲ್ಲಿ ಅದು ನಡೆಯುತ್ತಿತ್ತೆಂಬುದು ನನಗೆ ಈಗಲೂ ಕಳವಳದ ಸಂಗತಿ.

ಅಂದೇ ಮಧ್ಯಾಹ್ನ ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 9 ಯೂರೋಗೆ ಒಂದು ಕೇಬಲ್ ಕೊಂಡೆ. ಲ್ಯಾಪ್‌ಟಾಪ್ ಚಾರ್ಜರಿನ ಕಪ್ಪು ಡಬ್ಬಿಗೆ ಸಿಕ್ಕಿಸುವ ತುದಿಯಲ್ಲಿ ಮೂರೆಲೆಯ ಆಕಾರದ ರಂಧ್ರಗಳು, ಇನ್ನೊಂದು ತುದಿಯಲ್ಲಿ ಅರ್ಥಿಂಗ್ ಇರುವ ಜರ್ಮನ್ ಪ್ಲಗ್. ಡಬ್ಬಿ ನಮ್ಮದೇ, ಗೋಡೆಯಿಂದ ಡಬ್ಬಿಯವರೆಗಿನ ತಂತಿ ಮಾತ್ರ ಆ ದೇಶದ್ದು. ಜುಮ್ಮೆನ್ನುವುದು ಆ ಗಳಿಗೆಯಿಂದಲೇ ನಿಂತಿತು. ಸ್ವಿಟ್ಜರ್ಲೆಂಡಿನ ಸಾಕೆಟ್ಟಿಗೆ ಆ ಜರ್ಮನ್ ಪ್ಲಗ್ ಹೋಗುವುದಿಲ್ಲವಾದ್ದರಿಂದ ಜ್ಯೂರಿಕ್‌ನ ಹೋಟೆಲ್ ಕೌಂಟರಿನಲ್ಲಿ ಕೇಳಿದೆ. ಅರ್ಥಿಂಗ್ ಇರುವ ಸಣ್ಣ ಅಡಾಪ್ಟರನ್ನು ಹಣ ಪಡೆಯದೆ ಎರವಲು ಕೊಟ್ಟರು.

ಈ ಸಾಧನ ವೋಲ್ಟೇಜನ್ನು ಬದಲಿಸುವುದಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ನಮ್ಮಲ್ಲಿಯೂ ಯುರೋಪಿನಲ್ಲಿಯೂ 230 ವೋಲ್ಟ್ ಇರುವುದರಿಂದ ನಮಗೆ ಅಡ್ಡಿಯಾಗಲಿಲ್ಲ. ಅಮೆರಿಕದಲ್ಲಿ 120, ಜಪಾನಿನಲ್ಲಿ 100 ವೋಲ್ಟ್. ಚಾರ್ಜರಿನ ಮೇಲೆ 100–240 ಎಂದು ಬರೆದಿದ್ದರೆ ಎಲ್ಲಿಯೂ ಭಯವಿಲ್ಲ. ಇಲ್ಲಿನ ಎಲೆಕ್ಟ್ರಿಕ್ ಕೆಟಲನ್ನು ಅಮೆರಿಕದಲ್ಲಿ ಹಾಕಿದರೆ ಸುಮಾರು ಕಾಲು ಭಾಗದಷ್ಟೇ ಶಾಖ ಬರುತ್ತದೆ; ಅಲ್ಲಿಂದ ತಂದ ಕೆಟಲನ್ನು ಇಲ್ಲಿ ಹಾಕಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಹರಿದು ಸುಟ್ಟುಹೋಗುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟವರು ನಮ್ಮ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿಯನ್ನೇ ಕೇಳಿ ಕೊಳ್ಳುವುದು ಇದೇ ಕಾರಣಕ್ಕೆ.

ಒಂದು ಉಪಕಾರವನ್ನು ಮರೆಯಬಾರದು. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಸಾರ್ವಜನಿಕ ಯುಎಸ್‌ಬಿ ಪೋರ್ಟಿಗೆ ಮೊಬೈಲ್ ಸಿಕ್ಕಿಸುವ ಬದಲು ಗೋಡೆಯ ಸಾಕೆಟ್ಟಿಗೆ ಇದನ್ನು ಹಾಕಿ ಚಾರ್ಜ್ ಮಾಡಿಕೊಂಡೆವು. ಸಾರ್ವಜನಿಕ ಪೋರ್ಟಿನ ಮೂಲಕ ಮೊಬೈಲಿನ ಮಾಹಿತಿ ಕದಿಯುವ ಸಾಧ್ಯತೆಯ ಬಗ್ಗೆ ನಮ್ಮ ರಿಸರ್ವ್ ಬ್ಯಾಂಕ್ ಕೂಡ 2022ರ ಕೈಪಿಡಿಯಲ್ಲಿ ಎಚ್ಚರಿಸಿದೆ. ಅಷ್ಟರ ಮಟ್ಟಿಗೆ 5ಕ್ಕೆ 2 ಅಂಕ ಕೊಡುತ್ತೇನೆ.

ಸೆಪ್ಟೆಂಬರಿನಲ್ಲಿ ಅಕ್ಕನ ಮಗಳು ಓದಲೆಂದು ಲೀಡ್ಸ್‌ಗೆ ಹೊರಟಾಗ ಈ ಅಡಾಪ್ಟರನ್ನು ಕೇಳಿದಳು. ಅದನ್ನು ಕೊಡದೆ, ಅವಳ ಲ್ಯಾಪ್‌ಟಾಪಿಗೆ ಹೊಂದುವ, ಲೋಹದ ಅರ್ಥ್ ಪಿನ್ನೂ ಒಳಗೆ 3 ಆಂಪಿಯರ್ ಫ್ಯೂಸೂ ಇರುವ ಬ್ರಿಟಿಷ್ ಪ್ಲಗ್ಗಿನ ಕೇಬಲ್ಲನ್ನು ಕೊಂಡು ಅವಳ ಸೂಟ್‌ಕೇಸಿನಲ್ಲಿಟ್ಟೆ.