ಅಕ್ಕನ ಐರನ್ ಸಿರಪ್ ತಂಗಿಗೆ ಕೊಟ್ಟೆ, ನೀವು ಹಾಗೆ ಮಾಡಬೇಡಿ

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ 15, ಚಿಕ್ಕವಳಿಗೆ 6. ಇಬ್ಬರಿಗೂ ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಐರನ್ ಬರೆದುಕೊಟ್ಟಿದ್ದರು. ದೊಡ್ಡವಳಿಗೆ ಮಾತ್ರೆ ನುಂಗೋಕೆ ಆಗಲ್ಲ, ಹಾಗಾಗಿ ಅವಳದೂ ಕುಡಿಯುವ ಔಷಧಿಯೇ. ಒಂದು ರಾತ್ರಿ ಚಿಕ್ಕವಳ ಬಾಟಲಿ ಖಾಲಿಯಾಗಿತ್ತು. ಎರಡೂ ಐರನ್ನೇ ಅಲ್ವಾ ಅಂದುಕೊಂಡು, ಅಕ್ಕನ ಬಾಟಲಿಯಿಂದ ಅವಳ ಎಂದಿನ 10 ಮಿ.ಲೀ. ಅಳೆದು ಕುಡಿಸಿದೆ.

ಸ್ವಲ್ಪ ಹೊತ್ತಿಗೇ ಹೊಟ್ಟೆನೋವು ಅಂತ ಅತ್ತಳು, ವಾಂತಿ ಮಾಡಿಕೊಂಡಳು. ತಿಂದದ್ದು ಆಗಿಬಂದಿಲ್ಲ ಅಂದುಕೊಂಡೆ. ಬೆಳಿಗ್ಗೆ ಮಾಡಿದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ರಾತ್ರಿ ಕೊಟ್ಟ ಔಷಧಿಯೆಲ್ಲ ವಾಂತಿಯಲ್ಲಿ ಹೋಯ್ತಲ್ಲ ಅಂತ ಇನ್ನೊಮ್ಮೆ 10 ಮಿ.ಲೀ. ಕೊಟ್ಟೆ. ಆಮೇಲಿನ ವಾಂತಿಯಲ್ಲಿ ರಕ್ತದ ಎಳೆ ಕಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಬಾಟಲಿ. ಅಲ್ಲೇ ಲೆಕ್ಕ ಹಾಕಿದರು. ಚಿಕ್ಕವಳ ಸಿರಪ್‌ನಲ್ಲಿ 5 ಮಿ.ಲೀ.ಗೆ 30 ಮಿ.ಗ್ರಾಂ ಕಬ್ಬಿಣ. ಅಕ್ಕನದು ಗಟ್ಟಿ ಔಷಧಿ, 1 ಮಿ.ಲೀ.ಗೇ 25 ಮಿ.ಗ್ರಾಂ. ಅಂದರೆ 60 ಮಿ.ಗ್ರಾಂ ಹೋಗಬೇಕಾದ ಕಡೆ ಒಂದೊಂದು ಸಲಕ್ಕೂ 250 ಹೋಗಿತ್ತು. 20 ಕೆ.ಜಿ. ತೂಕದ ಮಗುವಿಗೆ ಎರಡೂ ಸೇರಿ ಕೆ.ಜಿ.ಗೆ 25 ಮಿ.ಗ್ರಾಂ. 20 ದಾಟಿದರೆ ವಿಷದ ಲಕ್ಷಣ ಶುರುವಾಗಬಹುದು, 60 ದಾಟಿದರೆ ಜೀವಕ್ಕೇ ಅಪಾಯ.

ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತು, ಮಗು ನಕ್ಕಿತು. ಮನೆಗೆ ಹೋಗೋಣ ಅಂದೆ. ಅವರು ಬಿಡಲಿಲ್ಲ. ಐರನ್ ಜಾಸ್ತಿಯಾದಾಗ ಹೀಗೇ ಆಗುತ್ತದಂತೆ. ಮೊದಲ ಕೆಲವು ಗಂಟೆ ವಾಂತಿ, ಭೇದಿ. ಆಮೇಲೆ ಎಲ್ಲಾ ಸರಿಹೋದ ಹಾಗೆ ಕಾಣುತ್ತದೆ. ಕೆಲವು ಮಕ್ಕಳಿಗೆ ಅದಾದ ಮೇಲೆ ಬಿ.ಪಿ. ಕುಸಿಯುತ್ತದೆ, ಲಿವರ್ ಕೆಡುತ್ತದೆ. ಜಾಸ್ತಿಯಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಮಗಳು ಈಗ ಚೆನ್ನಾಗಿದ್ದಾಳೆ.

ಲೇಬಲ್ ಓದುವಾಗಲೂ ಮೋಸ ಹೋಗಬಹುದು. 5 ಮಿ.ಲೀ.ಗೆ ಫೆರಸ್ ಸಲ್ಫೇಟ್ 220 ಮಿ.ಗ್ರಾಂ ಅಂತ ಬರೆದಿದ್ದರೆ ಅದರಲ್ಲಿ ನಿಜವಾದ ಕಬ್ಬಿಣ 44 ಮಿ.ಗ್ರಾಂ ಮಾತ್ರ. ಎಲಿಮೆಂಟಲ್ ಐರನ್ ಎಷ್ಟು ಅನ್ನೋದನ್ನೇ ನೋಡಿ. ಬಾಟಲಿ ಬದಲಾದರೆ ಎಷ್ಟು ಮಿ.ಲೀ. ಅಂತ ಮತ್ತೆ ಕೇಳಿಯೇ ಕೊಡಿ. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಒಳ್ಳೆಯದು. ಒಂದು ಹೊತ್ತು ತಪ್ಪಿದರೆ ತಪ್ಪಲಿ, ಏನೂ ಆಗಲ್ಲ. ಐರನ್ ಕುಡಿದಾಗ ಮಲ ಕಪ್ಪಾಗುವುದು ಮಾಮೂಲಿ, ಅದಕ್ಕೆ ಹೆದರಬೇಡಿ. ಆದರೆ ವಾಂತಿಯಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ. ಮನೆಯಲ್ಲೇ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲೂ ಹೋಗಬೇಡಿ. ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಇನ್ನೂ ಪುಟ್ಟ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಈ ಔಷಧಿ ಸಿಹಿಯಾಗಿರುತ್ತದೆ, ಮಕ್ಕಳು ತಾವೇ ತೆಗೆದು ಕುಡಿದುಬಿಡುತ್ತಾರೆ. ನಮ್ಮ ದೊಡ್ಡವಳ ಬಾಟಲಿಯಿಂದ 10 ಕೆ.ಜಿ.ಯ ಮಗು 24 ಮಿ.ಲೀ. ಕುಡಿದರೆ ಸಾಕು, ಆ 60ರ ಗೆರೆ ಮುಟ್ಟುತ್ತದೆ. ಅಷ್ಟೆಂದರೆ ಐದು ಟೀ ಚಮಚಕ್ಕೂ ಕಡಿಮೆ. ನಮ್ಮ ಎರಡೂ ಬಾಟಲಿ ಈಗ ಬೀಗ ಹಾಕಿದ ಕಪಾಟಿನಲ್ಲಿವೆ. ಒಂದೊಂದರ ಮೇಲೂ ಮಗಳ ಹೆಸರು, ಎಷ್ಟು ಮಿ.ಲೀ. ಅನ್ನೋದು ದಪ್ಪ ಅಕ್ಷರದಲ್ಲಿದೆ.