ಬಳ್ಳಾರಿ ಬಿಸಿಲಿಗೆ ಯಾವ ರೆಕಾರ್ಡು? ಐಸು, ಚಾಕೊಲೆಟ್, ರೆಸಿನ್, ಮರ

ಮಾಮೂಲಿ ರೆಕಾರ್ಡಿನ ಪ್ಲಾಸ್ಟಿಕ್ ಆದ ವಿನೈಲ್ ಬಿಟ್ಟು ಬೇರೆ ವಸ್ತುವಿನಲ್ಲಿ ಮಾಡಿದ ರೆಕಾರ್ಡು ಹಾಡುತ್ತದೆಯೇ? ಸೂಜಿ ಓಡುವ ಗೀರು ಸರಿಯಾಗಿ ಮೂಡಿದ್ದರೆ ಎಲ್ಲವೂ ಹಾಡುತ್ತವೆ. ಎಷ್ಟು ಸಲ, ಎಷ್ಟು ಸ್ಪಷ್ಟವಾಗಿ, ಯಾವ ಹವೆಯಲ್ಲಿ ಎಂಬುದರಲ್ಲೇ ವ್ಯತ್ಯಾಸವಿದೆ. ಒಂದೇ 7 ಇಂಚಿನ ರೆಕಾರ್ಡಿನ ಅಚ್ಚಿನಲ್ಲಿ ಐಸು, ಚಾಕೊಲೆಟ್, ಎಪಾಕ್ಸಿ ರೆಸಿನ್ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್) ಎರೆದು, ಜೊತೆಗೆ ಲೇಸರ್‌ನಿಂದ ಕೊರೆದ ಮರ ಮತ್ತು ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ತಟ್ಟೆಗಳನ್ನಿಟ್ಟು ಬಳ್ಳಾರಿಯಲ್ಲಿ ನೋಡಿದ್ದಾಯಿತು. ಮೇ ತಿಂಗಳಲ್ಲಿ ಕೋಣೆ 38 ಡಿಗ್ರಿ ಇದ್ದಾಗ ಒಮ್ಮೆ, ಡಿಸೆಂಬರಿನ ನಸುಕಿನಲ್ಲಿ ಇನ್ನೊಮ್ಮೆ. ಎಲ್ಲಕ್ಕೂ ಬಳಸಿದ್ದು ಸೆರಾಮಿಕ್ ಕಾರ್ಟ್ರಿಡ್ಜಿನ (ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಹಳೆಯ ಪ್ಲೇಯರ್, ತಟ್ಟೆಯ ಮೇಲೆ ಸೂಜಿ ಹೇರುವ ಭಾರ 5 ಗ್ರಾಂ. ದುಬಾರಿ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜನ್ನು ಇವುಗಳ ಮೇಲೆ ಇಳಿಸಬೇಡಿ. ಐಸಿನ ನೀರು ಒಳಹೊಕ್ಕರೆ ಅದು ಹಾಳಾಗುತ್ತದೆ.

ಎಕ್ಸ್‌ರೇ ಫಿಲ್ಮ್ ಈ ಹೋಲಿಕೆಯಲ್ಲಿಲ್ಲ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ರಷ್ಯಾದಲ್ಲಿ ನಿಷೇಧಿತ ಹಾಡುಗಳನ್ನು ಆಸ್ಪತ್ರೆಯ ಹಳೆಯ ಫಿಲ್ಮಿನ ಮೇಲೆ ಗುಟ್ಟಾಗಿ ಕೊರೆಯುತ್ತಿದ್ದರು. ಅದಕ್ಕೆ ರೆಕಾರ್ಡ್ ಕೊರೆಯುವ ಲೇಥ್ ಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ.

ಎರಕದ ಮೂರಕ್ಕೂ ಅಚ್ಚೇ ಜೀವಾಳ. ಹೋದರೂ ಚಿಂತೆಯಿಲ್ಲ ಎನ್ನುವಂಥ ರೆಕಾರ್ಡನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸಂಡೂರು ಕಡೆಯ ಕೆಂಧೂಳು ಗೀರಿನಲ್ಲಿ ಒಂದು ಕಣ ಉಳಿದರೂ ಪ್ರತಿ ಎರಕದಲ್ಲೂ ಅದೇ ಜಾಗದಲ್ಲಿ ಟಿಕ್ ಎನ್ನುತ್ತದೆ. ನಡುವಿನ ತೂತಿಗೆ 7.2 ಮಿಲಿಮೀಟರಿನ ಸಳಿ ನಿಲ್ಲಿಸಿ, ಸುತ್ತ ಬಳೆಯಂಥ ಗೋಡೆ ಕಟ್ಟಿ, ಸುಮಾರು 250 ಗ್ರಾಂ ಪ್ಲಾಟಿನಂ ಸಿಲಿಕೋನ್ (ಗಟ್ಟಿಯಾದರೆ ರಬ್ಬರಿನಂತಾಗುವ ದ್ರವ) ಸುರಿಯಬೇಕು. ಮೊದಲ ಪದರವನ್ನು ಮೆತ್ತನೆಯ ಬ್ರಷ್‌ನಿಂದ ಗೀರಿನೊಳಕ್ಕೆ ತಿಕ್ಕಿ, ಉಳಿದದ್ದನ್ನು ಒಂದೇ ಮೂಲೆಯಿಂದ ಸಣ್ಣ ಧಾರೆಯಾಗಿ ಬಿಡಿ. ರೆಕಾರ್ಡಿಗೆ ಅಂಟಿ ಉಳಿದ ಗುಳ್ಳೆ ಎರಕದಲ್ಲಿ ಉಬ್ಬಾಗಿ ಎದ್ದು ಸೂಜಿಯನ್ನು ಹಾರಿಸುತ್ತದೆ. ಬಳೆಯ ಸಂದು ಮುಚ್ಚಲು ಗಂಧಕವಿರುವ ಮಾಡೆಲಿಂಗ್ ಕ್ಲೇ ಬಳಸಿದರೆ, ಕೈಗೆ ಲ್ಯಾಟೆಕ್ಸ್ ಗ್ಲೌಸ್ ಹಾಕಿದರೆ, ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬೇಸಿಗೆಯ ಜಳಕ್ಕೆ ಅದು ಬೇಗ ಬಿಗಿಯುವುದರಿಂದ ಬೆಳಗಿನ ಜಾವವೇ ಕಲಸಿ.

ಅಚ್ಚು ಎಲ್ಲ ಕಡೆ ಸಮನಾಗಿ ಒಂದಿಷ್ಟು ಕುಗ್ಗಿದರೆ ಶ್ರುತಿ ಬದಲಾಗುವುದಿಲ್ಲ, ತಟ್ಟೆ ಒಂದು ಸುತ್ತಿಗೆ ತೆಗೆದುಕೊಳ್ಳುವ ಹೊತ್ತು ಅಷ್ಟೇ ಇರುತ್ತದೆ. ಶ್ರುತಿ ಕೆಡಿಸುವುದು ತೂತು. ಅದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಒಳಸುತ್ತಿನಲ್ಲಿ ಸ್ವರ ಪ್ರತಿ ಸುತ್ತಿಗೂ ಶೇ 1ರ ಹತ್ತಿರ ಏರಿ ಇಳಿಯುತ್ತದೆ. ರಂಗಗೀತೆಯ ಪೇಟಿ ಸ್ವರ ಹಿಡಿದು ನಿಂತಾಗ ಇದು ಯಾರ ಕಿವಿಗೂ ಗೊತ್ತಾಗುತ್ತದೆ.

ಮೂರರಲ್ಲಿ ರೆಸಿನ್ನೇ ಮುಂದೆ, ಅದರಲ್ಲಿ ಅನುಮಾನವಿಲ್ಲ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ 70 ಗ್ರಾಂ ಸಾಕು, ಎರಡೂವರೆ ಮಿಲಿಮೀಟರ್ ದಪ್ಪ ಬರುತ್ತದೆ. ಡಬ್ಬಿಯ ಮೇಲಿನ ಪ್ರಮಾಣವನ್ನು ಕಣ್ಣಂದಾಜಿನಲ್ಲಲ್ಲ, ತಕ್ಕಡಿಯಲ್ಲಿ ತೂಗಿ. 24 ತಾಸಿಗೆ ಮೊದಲೇ ಅಚ್ಚಿನಿಂದ ಕಿತ್ತರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಿಡಿಸಿದ ಮೇಲೂ ಗಾಜಿನ ನಡುವೆ ಒಂದು ದಿನ ಭಾರ ಹೇರಿಡಿ. ಹಿನ್ನೆಲೆಯಲ್ಲಿ ಸುಯ್ ಎನ್ನುವ ಸದ್ದು ಮೂಲ ರೆಕಾರ್ಡಿಗಿಂತ ಹೆಚ್ಚು, ಆದರೆ ಮಾತು ಅಕ್ಷರ ಅಕ್ಷರ ಕೇಳುತ್ತದೆ, ಮತ್ತೆ ಮತ್ತೆ ಹಾಕಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ. ಅಲ್ಲಿ ವಿನೈಲೇ ಬಾಗುತ್ತದೆ.

ಐಸಿಗೆ ಬೋರ್‌ವೆಲ್ ನೀರು ಆಗದು. ಗಡಸು ನೀರು ಹೆಪ್ಪುಗಟ್ಟುವಾಗ ಉಪ್ಪು ನಡುವೆ ಸೇರಿ ಬೆಳ್ಳಗಾಗಿ ಅಲ್ಲೇ ಬಿರಿಯುತ್ತದೆ. ಆರ್‌ಒ ನೀರನ್ನು ಕುದಿಸಿ ಆರಿಸಿ 150 ಮಿಲಿಲೀಟರ್ ಹಾಕಿ. ಒಮ್ಮೆಗೇ ಸುರಿದರೆ ಬೆನ್ನು ಉಬ್ಬಿ ತಟ್ಟೆ ಓಲಾಡುತ್ತದೆ, ಏಕೆಂದರೆ ನೀರು ಐಸಾಗುವಾಗ ಶೇ 9ರಷ್ಟು ಹಿಗ್ಗುತ್ತದೆ. ಮೂರು ಪದರವಾಗಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು ಹಾಕಬೇಕು. ಸಳಿಗೆ ಬಿಸಿ ಚಮಚ ತಾಗಿಸಿ ಎಳೆಯಿರಿ, ಆಮೇಲೆ ಐಸಿನಿಂದ ಸಿಲಿಕೋನನ್ನು ಸುಲಿಯಿರಿ. ಮೇ ತಿಂಗಳಲ್ಲಿ ಮೊದಲ ಅರ್ಧ ನಿಮಿಷ ಹಾಡು ಚೆನ್ನಾಗಿ ಬಂತು, ಆಮೇಲೆ ತಾರಸ್ವರ ಮಾಯವಾಗಿ ಸೂಜಿ ನೀರಿನ ಪೊರೆಯ ಮೇಲೆ ಜಾರತೊಡಗಿತು. ಡಿಸೆಂಬರ್ ನಸುಕಿನಲ್ಲಿ ಹಾಡಿನ ಬಹುಪಾಲು ಸಿಕ್ಕಿತು. ಎರಡನೇ ಸಲಕ್ಕೆ ಗೀರೇ ಇರುವುದಿಲ್ಲ.

ಚಾಕೊಲೆಟ್ ಹೊಸ ಯೋಚನೆಯಲ್ಲ. 1903ರಲ್ಲೇ ಜರ್ಮನಿಯ ಸ್ಟೋಲ್‌ವೆರ್ಕ್ ಕಂಪನಿ ಆಟಿಕೆ ಗ್ರಾಮಫೋನಿಗೆ ಚಾಕೊಲೆಟ್ ತಟ್ಟೆ ಮಾರುತ್ತಿತ್ತು. ನಮ್ಮ ಕಡೆಯ ತೊಡಕು ಒಂದೇ: ಕೋಕೋ ಬೆಣ್ಣೆ 34 ಡಿಗ್ರಿಗೆ ಕರಗುತ್ತದೆ, ಮೇ ತಿಂಗಳ ಕೋಣೆ ಅದಕ್ಕಿಂತ ಬಿಸಿ. ಡಾರ್ಕ್ ಚಾಕೊಲೆಟನ್ನು 45ಕ್ಕೆ ಕರಗಿಸಿ, 28ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಎರೆದರೆ ಹೊಳಪಿನ ಗಟ್ಟಿ ಗೀರು ಬರುತ್ತದೆ. ಹೀಗೆ ಹದ ಮಾಡದಿದ್ದರೆ ಮೇಲ್ಮೈ ಬೂದುಗಟ್ಟಿ ಬರೀ ಗರಗರ. ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಬೇಕರಿಯವರ ಕಾಂಪೌಂಡ್ ಸ್ಲ್ಯಾಬಿಗೆ ಈ ಹದ ಬೇಡ, ಆದರೆ ದನಿ ಮಂದ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದರೆ ಇಬ್ಬನಿ ಕೂತು ಸಕ್ಕರೆ ಕರಗುತ್ತದೆ, ಗೀರಿನ ಅಂಚು ಹೋಗುತ್ತದೆ. ಗಾಳಿಯಾಡದ ಚೀಲದಲ್ಲೇ ಕೋಣೆಯ ಹವೆಗೆ ಬರಲಿ. ಡಿಸೆಂಬರಿನಲ್ಲಿ ನಾಲ್ಕೈದು ಸಲ ಕೇಳುವಂತಿತ್ತು. ಪ್ರತಿ ಸಲವೂ ಸೂಜಿಗೆ ಅಂಟಿದ್ದನ್ನು ಬ್ರಷ್‌ನಿಂದ ತೆಗೆಯಬೇಕು.

ಮರದ ದಾರಿಯೇ ಬೇರೆ. 2013ರಲ್ಲಿ ಅಮೆರಿಕದ ಎಂಜಿನಿಯರ್ ಅಮಂಡಾ ಘಸೇಯಿ ಹಾಡನ್ನು ಗೀರಿನ ನಕ್ಷೆಯಾಗಿಸಿ ಲೇಸರ್ ಕಟರ್‌ನಿಂದ ಕೊರೆಯುವ ವಿಧಾನ ಮತ್ತು ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಲೇಸರಿನ ಚುಕ್ಕೆ ವಿನೈಲ್ ಗೀರಿಗಿಂತ ದಪ್ಪ, ಹಾಗಾಗಿ ಸೂಕ್ಷ್ಮ ಅಲೆಗಳು ಮೂಡುವುದೇ ಇಲ್ಲ. ಸ, ಶ, ಷ ಮೂರೂ ಒಂದೇ ಆಗಿಬಿಡುತ್ತವೆ. ಅಗಲ ಗೀರಿಗೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡಿನ ದಪ್ಪ ಸೂಜಿ ಚೆನ್ನಾಗಿ ಕೂರುತ್ತದೆ. ಕಿನ್ನಾಳದ ಗೊಂಬೆಗೆ ಬಳಸುವಂಥ ಹಗುರ ಮರ ಕೆತ್ತನೆಗೆ ಸೊಗಸು, ಗೀರಿಗೆ ಅಲ್ಲ. ನಾರು ಎದ್ದು ಸೂಜಿ ಸಿಕ್ಕಿಕೊಳ್ಳುತ್ತದೆ. ತೇಗದ ರಂಧ್ರಗಳೂ ತೊಂದರೆಯೇ. ಒತ್ತಾದ ಎಳೆಗಳಿರುವ ಮರದಲ್ಲೂ ಸೂಜಿ ಎಳೆಯನ್ನು ಅಡ್ಡ ದಾಟುವಾಗಲೆಲ್ಲ, ಪ್ರತಿ ಸುತ್ತಿನಲ್ಲೂ ಎರಡು ಸಲ, ಬುಸ್ ಎನ್ನುತ್ತದೆ. ನೇಮ್‌ಬೋರ್ಡ್ ಅಂಗಡಿಯಲ್ಲಿ ಸಿಗುವ 3 ಮಿಲಿಮೀಟರ್ ಎರಕದ ಅಕ್ರಿಲಿಕ್‌ಗೆ ಈ ಕಾಟವಿಲ್ಲ. ಮೊದಲು ಚೂರಿನ ಮೇಲೆ ನಾಲ್ಕಾರು ಪವರ್‌ಗಳಲ್ಲಿ ಒಂದೊಂದು ಗೀರು ಕೊರೆಸಿ, ಸೂಜಿ ಜಾರದೆ ನಿಲ್ಲುವ ಅತಿ ಕಡಿಮೆ ಪವರನ್ನೇ ಆರಿಸಿ. ಗೋಡೆಗೆ ತೂಗುಹಾಕಲು ಮರ ಚೆಂದ, ಕೇಳಲು ಅಕ್ರಿಲಿಕ್. ಯಾವುದಕ್ಕಾದರೂ ಕೊಳಲು ಬೇಡ, ಡೊಳ್ಳಿನ ಧ್ವನಿಮುದ್ರಣ ಕೊಡಿ.